ತೀವ್ರ ಅಂಗವೈಕಲ್ಯ ಇರುವವರಿಗೆ ಸಂಬಳದ ಕೆಲಸ: ಸುತ್ತಲಿನವರು ಸೇರಿ ಮಾಡಬಹುದಾದ್ದರ ಸಮಗ್ರ ಮಾರ್ಗದರ್ಶಿ

ಮಾತು ಬಾರದವರು, ಕೈಕಾಲು ಹಿಡಿತದಲ್ಲಿ ಇಲ್ಲದವರು, ಬೌದ್ಧಿಕ ಅಂಗವೈಕಲ್ಯ ಜಾಸ್ತಿ ಇರುವವರು, ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರು, ತೀವ್ರ ಮಾನಸಿಕ ಕಾಯಿಲೆಯ ಜೊತೆ ವರ್ಷಗಟ್ಟಲೆ ಬದುಕುತ್ತಿರುವವರು. ಉದ್ಯೋಗದ ಮಾತು ಬಂದಾಗ ಇವರ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ. "ಮೊದಲು ಸ್ವಲ್ಪ ಕಲಿಯಲಿ, ಆಮೇಲೆ ನೋಡೋಣ" ಅಂತಾರೆ. ತರಬೇತಿ ಕೇಂದ್ರದಲ್ಲಿ ವರ್ಷಗಳು ಕಳೆಯುತ್ತವೆ, ಆ "ಆಮೇಲೆ" ಮಾತ್ರ ಬರುವುದೇ ಇಲ್ಲ.

ಈ ಕ್ರಮವನ್ನು ತಿರುಗಿಸಬೇಕು ಅನ್ನುವುದೇ ಈ ಬರಹದ ತಿರುಳು. ಮೊದಲು ಒಬ್ಬರಿಗೆ ಹೊಂದುವ ನಿಜವಾದ ಕೆಲಸ, ಆಮೇಲೆ ಆ ಕೆಲಸದ ಜಾಗದಲ್ಲೇ ಕಲಿಕೆ. ದಡದ ಮೇಲೆ ನಿಲ್ಲಿಸಿ ಎಷ್ಟು ದಿನ ಈಜು ಕಲಿಸಿದರೂ ಈಜು ಬರುವುದಿಲ್ಲ ಅಲ್ವಾ? ಇದು ಬರೀ ಆಸೆಯ ಮಾತಲ್ಲ. ಅಮೆರಿಕದಲ್ಲಿ 1980ರ ದಶಕದಿಂದ ಬೆಂಬಲಿತ ಉದ್ಯೋಗ ಅನ್ನುವ ಪದ್ಧತಿ ಬೆಳೆದದ್ದು ಇದೇ ನಂಬಿಕೆಯ ಮೇಲೆ. ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಸಂಶೋಧಕರಾದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಇದನ್ನೇ ಇನ್ನಷ್ಟು ಬಿಗಿಯಾಗಿ ರೂಪಿಸಿದರು. ಕೆಲಸ ಬೇಕು ಅಂದವರನ್ನು "ನೀನಿನ್ನೂ ತಯಾರಿಲ್ಲ" ಎಂದು ವಾಪಸ್ ಕಳಿಸಬಾರದು ಎಂಬುದು ಅದರ ಮೊದಲ ನಿಯಮ. ಆಮೇಲೆ ಹಲವು ದೇಶಗಳಲ್ಲಿ ಹೋಲಿಸಿ ನೋಡಿದಾಗ, ಹಳೆಯ ತರಬೇತಿ ದಾರಿಗಿಂತ ಈ ದಾರಿಯಲ್ಲಿ ಸುಮಾರು ಎರಡು ಪಟ್ಟು ಜನ ಕೆಲಸಕ್ಕೆ ಸೇರಿದ್ದು ಕಂಡುಬಂತು.

ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಪೋಷಕರು, ನೆರೆಹೊರೆಯವರು, ಒಬ್ಬ ಶಿಕ್ಷಕಿ, ನಿವೃತ್ತರು ಒಂದಿಬ್ಬರು, ಅಂಗಡಿಯೋ ಕಚೇರಿಯೋ ನಡೆಸುವ ಒಬ್ಬರು ಸೇರಿದರೆ ಶುರು ಮಾಡಬಹುದು. ಹಕ್ಕಿನ ಬಲವೂ ಜೊತೆಗಿದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ, ಎಲ್ಲರಿಗೂ ತೆರೆದಿರುವ ಉದ್ಯೋಗ ಮಾರುಕಟ್ಟೆಯಲ್ಲೇ ದುಡಿದು ಬದುಕುವ ಹಕ್ಕನ್ನು ಹೇಳುತ್ತದೆ. ವೈಕಲ್ಯ ಎಷ್ಟು ತೀವ್ರ ಅಂತ ಅದು ಕೇಳುವುದಿಲ್ಲ.

ಹಂತ 1: ಒಬ್ಬರಿಂದ ಶುರು ಮಾಡಿ

ಸಂಘ ಕಟ್ಟಿದ ಕೂಡಲೇ ಐವತ್ತು ಜನರ ಪಟ್ಟಿ ಮಾಡುವ ಆಸೆ ಬರುತ್ತದೆ. ಬೇಡ. ಒಬ್ಬರನ್ನು ಆರಿಸಿಕೊಳ್ಳಿ. ಅವರ ಸುತ್ತ ಐದರಿಂದ ಎಂಟು ಜನರ ಒಂದು ಬಳಗ ಸೇರಲಿ. ಕೆನಡಾದ ಟೊರಾಂಟೊದಲ್ಲಿ ಜುಡಿತ್ ಸ್ನೋ ಎಂಬ ಮಹಿಳೆ ಇದ್ದರು. ಕೈಕಾಲು ಆಡದ ಅವರು ವೃದ್ಧರ ಆರೈಕೆ ಕೇಂದ್ರದಲ್ಲಿ ಉಳಿಯಬೇಕಾದ ಸ್ಥಿತಿ ಬಂದಿತ್ತು. ಅಲ್ಲಿಂದ ಹೊರಬಂದು ತಮ್ಮದೇ ಬದುಕು ನಡೆಸಲು ಅವರಿಗೆ ಆಸರೆಯಾಗಿದ್ದು 1980ರ ಹೊತ್ತಿಗೆ ಸುತ್ತ ನಿಂತ ಗೆಳೆಯರ ಗುಂಪು. ಈಗ ಬೆಂಬಲ ವೃತ್ತ ಅನ್ನುವ ಪದ್ಧತಿಗೆ ಅಂಥ ಗುಂಪುಗಳೇ ಮಾದರಿ.

ಬಳಗದಲ್ಲಿ ಬರೀ ವೈಕಲ್ಯದ ಬಗ್ಗೆ ತಿಳಿದವರೇ ತುಂಬಿಕೊಳ್ಳದ ಹಾಗೆ ನೋಡಿಕೊಳ್ಳಿ. ಥೆರಪಿಸ್ಟ್ ಒಬ್ಬರು ಇದ್ದರೆ ಒಳ್ಳೆಯದು. ಆದರೆ ನಾಲ್ಕು ಕಡೆ ಪರಿಚಯ ಇರುವವರು, ವ್ಯಾಪಾರ ಗೊತ್ತಿರುವವರು, "ಬನ್ನಿ, ನಾನು ಮಾತಾಡಿಸ್ತೀನಿ" ಅನ್ನುವವರು ಅದಕ್ಕಿಂತ ಹೆಚ್ಚು ಬೇಕು. ಹೆಚ್ಚಿನ ಜನರಿಗೆ ಕೆಲಸ ಸಿಗುವುದು ಪರಿಚಯದಿಂದಲೇ. ತೀವ್ರ ವೈಕಲ್ಯ ಇರುವವರಿಗೆ ಕೊರತೆ ಇರುವುದೂ ಅದೇ: ಅವರ ಪರಿಚಯದ ವಲಯ ಮನೆ, ಆಸ್ಪತ್ರೆ, ವಿಶೇಷ ಶಾಲೆಯಲ್ಲೇ ಮುಗಿದುಹೋಗಿರುತ್ತದೆ. ಸಮುದಾಯ ಕೊಡಬಹುದಾದ ಅತಿ ದೊಡ್ಡ ಸಹಾಯ ಈ ಪರಿಚಯಗಳೇ, ಹಣಕ್ಕಿಂತ ಎಷ್ಟೋ ಮೇಲು.

ಯಾರಿಗಾಗಿ ಸಭೆಯೋ ಅವರು ಸಭೆಯಲ್ಲಿ ಇರಲೇಬೇಕು. ಅವರು ಪಕ್ಕದ ಕೋಣೆಯಲ್ಲಿ ಕೂತಿದ್ದು, ಉಳಿದವರು ಅವರ ಭವಿಷ್ಯ ತೀರ್ಮಾನಿಸುವುದು ತಪ್ಪು. ಮಾತು ಬಾರದಿದ್ದರೆ "ಹೌದು", "ಬೇಡ" ಹೇಳುವ ಒಂದು ಭರವಸೆಯ ದಾರಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕಣ್ಣು ಮೇಲೆತ್ತುವುದು, ಚಿತ್ರದ ಕಾರ್ಡ್ ಕಡೆ ನೋಡುವುದು, ಒಂದು ಗುಂಡಿ ಒತ್ತುವುದು, ಯಾವುದಾದರೂ ಸರಿ. ಮುಖ್ಯವಾದ ಪ್ರಶ್ನೆಯನ್ನು ಎರಡು ದಿನ, ಎರಡು ರೀತಿ ಕೇಳಿ. ಉತ್ತರ ಒಂದೇ ಬಂದರೆ ನಂಬಬಹುದು. ಅಷ್ಟೂ ಸ್ಪಷ್ಟವಾಗಿ ಹೇಳಲಾಗದವರು ಇದ್ದಾರೆ. ಅವರ ವಿಷಯದಲ್ಲಿ ಮೈಮುಖವೇ ಮಾತು: ಎಲ್ಲಿ ಮೈ ಸಡಿಲಾಗುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿಂದ ಎದ್ದು ಹೋಗಲು ನೋಡುತ್ತಾರೆ ಅನ್ನುವುದನ್ನು ಹತ್ತಿರದವರು ಓದಬಲ್ಲರು.

ಮನೆಯವರ ಭಯವನ್ನೂ ಈಗಲೇ ಕೇಳಿಸಿಕೊಳ್ಳಿ. "ಬಿದ್ದರೆ? ಯಾರಾದರೂ ಅಣಕಿಸಿದರೆ? ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗ್ತಾರೆ?" ಇವು ಅಡ್ಡಗಾಲು ಹಾಕುವ ಮಾತುಗಳಲ್ಲ. ವರ್ಷಗಳಿಂದ ಒಬ್ಬರೇ ಹೊತ್ತುಕೊಂಡು ಬಂದ ಪ್ರಶ್ನೆಗಳು. ಒಂದೊಂದನ್ನೂ ಬರೆದುಕೊಂಡು, ಪಕ್ಕದಲ್ಲಿ ಯಾರು ಉತ್ತರ ಹುಡುಕುತ್ತಾರೆ ಅಂತ ಹೆಸರು ಹಾಕಿ.

ಹಂತ 2: ಮನುಷ್ಯರನ್ನು ತಿಳಿದುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಸಮಯ ಬೇಡುವ ಹಂತ ಇದು. ಅವಸರದಲ್ಲಿ ಹಾರಿಸಿಬಿಡುವ ಹಂತವೂ ಇದೇ.

ವೈದ್ಯಕೀಯ ಕಡತ ನೋಡಿದರೆ ಅದರಲ್ಲಿ ಆಗದಿರುವುದರ ಪಟ್ಟಿ ಇರುತ್ತದೆ. ಐಕ್ಯೂ ಇಷ್ಟು, ಹಿಡಿತ ಇಲ್ಲ, ಗಮನ ನಿಲ್ಲುವುದಿಲ್ಲ. ಆ ಹಾಳೆ ಹಿಡಿದುಕೊಂಡು ಯಾರೂ ಯಾರಿಗೂ ಕೆಲಸ ಹುಡುಕಲಾರರು. "ಇವರು ಏನು ಮಾಡಬಲ್ಲರು" ಅನ್ನುವ ಪ್ರಶ್ನೆಯೂ ಅರ್ಧ ಪ್ರಶ್ನೆಯೇ. "ಯಾವ ಪರಿಸ್ಥಿತಿಯಲ್ಲಿ ಇವರು ಚೆನ್ನಾಗಿ ಮಾಡುತ್ತಾರೆ" ಅಂತ ಕೇಳಿ. ಉತ್ತರ ಸಿಗುವುದು ಪರೀಕ್ಷೆಯ ಕೋಣೆಯಲ್ಲಲ್ಲ, ಅವರ ಜೊತೆ ಕಳೆದ ಹೊತ್ತಿನಲ್ಲಿ.

ಬಳಗದ ಇಬ್ಬರು ಮೂವರು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅವರ ಜೊತೆ ಇರಲಿ. ಮನೆಯಲ್ಲಿ ನೋಡಿ, ಹೊರಗೆ ನೋಡಿ, ಅವರಿಗೆ ಹೊಸದಾದ ಜಾಗದಲ್ಲೂ ನೋಡಿ. ಏನನ್ನು ಯಾರೂ ಹೇಳದೆ ತಾವೇ ಮಾಡುತ್ತಾರೆ? ಬೆಳಿಗ್ಗೆ ಚುರುಕೋ, ಮಧ್ಯಾಹ್ನದ ಮೇಲೋ? ಔಷಧಿ ತೆಗೆದುಕೊಂಡ ಎಷ್ಟು ಹೊತ್ತಿಗೆ ಜೋಂಪು ಹತ್ತುತ್ತದೆ? ಗದ್ದಲ ಆಗಿಬರುತ್ತದಾ? ಸುತ್ತ ಜನ ಓಡಾಡಬೇಕಾ, ಗೋಡೆ ಕಡೆ ಮುಖ ಮಾಡಿ ಕೂತರೆ ಹಿತವಾ? ವಸ್ತುಗಳು ಸಾಲಾಗಿ ಇರಬೇಕು ಅನ್ನುವ ಹಟ ಇದೆಯಾ? ಆ ಹಟ ಮನೆಯಲ್ಲಿ ತಲೆನೋವು ಅನ್ನಿಸಿದ್ದರೂ, ಗೋದಾಮಿನಲ್ಲಿ ಅದಕ್ಕೆ ಬೆಲೆ ಇದೆ.

ಬರೆಯುವ ರೀತಿ ಬಹಳ ಮುಖ್ಯ. "ಗಮನ ಕಡಿಮೆ" ಅಂತ ಬರೆಯಬೇಡಿ. "ಟಿವಿ ಆಫ್ ಮಾಡಿದ ಮೇಲೆ ನಲವತ್ತು ನಿಮಿಷ ಬಟ್ಟೆ ಮಡಿಸಿದರು. ಫೋನ್ ರಿಂಗ್ ಆದಾಗ ನಿಲ್ಲಿಸಿದರು, ಮತ್ತೆ ಶುರು ಮಾಡಲು ಭುಜ ಮುಟ್ಟಿ ಹೇಳಬೇಕಾಯಿತು" ಎಂದು ಬರೆಯಿರಿ. ಮೊದಲನೆಯದು ತೀರ್ಪು. ಎರಡನೆಯದರಲ್ಲಿ ಕೆಲಸದ ಜಾಗ ಹೇಗಿರಬೇಕು ಅನ್ನುವ ನಕ್ಷೆಯೇ ಇದೆ: ಸದ್ದು ಇರಬಾರದು, ಒಂದೇ ಬಗೆಯ ಕೆಲಸ ಇರಬೇಕು, ಭುಜ ಮುಟ್ಟಿ ಹೇಳಲು ಹತ್ತಿರ ಒಬ್ಬರು ಇರಬೇಕು.

ಕೊನೆಗೆ ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ. ಅವರನ್ನು ಸೆಳೆಯುವ ಎರಡು ಮೂರು ಕ್ಷೇತ್ರ (ಗಾಡಿಗಳು, ಗಿಡಗಳು, ಕಾಗದಪತ್ರ, ಸಂಗೀತ, ಏನೇ ಆಗಲಿ), ಅವರು ಕೊಡಬಲ್ಲ ಕೆಲಸ, ಕೆಲಸ ನಡೆಯಲು ಬೇಕೇಬೇಕಾದ ಪರಿಸ್ಥಿತಿ, ಖಂಡಿತ ಬೇಡದ್ದು. ಈ ಪುಟವನ್ನು ಅವರಿಗೆ ಓದಿ ಹೇಳಿ, ಚಿತ್ರದಲ್ಲಿ ತೋರಿಸಿ. ಅವರು ಒಪ್ಪದ ಸಾಲು ಇರಬಾರದು.

ಇಲ್ಲೊಂದು ಮಾತು. ಮೇಣದಬತ್ತಿ, ಕಾಗದದ ಚೀಲ, ಲಕೋಟೆ ಅಂತ ಒಂದೇ ನಾಲ್ಕು ಕಸುಬುಗಳನ್ನು ಎಲ್ಲರಿಗೂ ಹಚ್ಚುವ ಅಭ್ಯಾಸ ಎಲ್ಲ ಕಡೆ ಇದೆ. ಆ ಕೆಲಸ ಕೀಳು ಅಂತಲ್ಲ. ಆದರೆ ಆ ಮನುಷ್ಯರನ್ನು ನೋಡುವ ಮೊದಲೇ ಆ ಕೆಲಸ ತೀರ್ಮಾನವಾಗಿರುತ್ತದೆ. ನನಗೆ ಅದನ್ನು ಒಪ್ಪಲು ಆಗುವುದಿಲ್ಲ.

ಹಂತ 3: ದೇಹ, ಸಾಧನ, ಓಡಾಟ, ಭತ್ಯೆ

ವೀಲ್‌ಚೇರ್‌ನಲ್ಲಿ ಸರಿಯಾಗಿ ಕೂರದಿದ್ದರೆ ಕೈ ಆಡುವುದಿಲ್ಲ. ಸೊಂಟ ಜಾರುತ್ತಿದ್ದರೆ ಇಡೀ ಶಕ್ತಿ ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ಕೆಲಸ ಹುಡುಕುವ ಮೊದಲು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ದೇಹ, ಸಾಧನ ಹೊಂದಿಸಿಕೊಡುವ ಚಿಕಿತ್ಸಕರು) ಒಬ್ಬರಿಂದ ಕೂರುವ ಭಂಗಿ ನೋಡಿಸಿ. ಸೊಂಟದ ಬೆಲ್ಟ್, ಪಾದಕ್ಕೆ ಆಸರೆ, ಮೇಜಿನ ಎತ್ತರ ಸರಿಯಾದರೆ ಎಷ್ಟೋ ಸಲ ಕೈಗೆ ಹೊಸ ಹಿಡಿತ ಬರುತ್ತದೆ.

ಆಮೇಲೆ ದೇಹದ ಯಾವ ಭಾಗವನ್ನು ಅವರು ಬೇಕೆಂದಾಗ, ಸುಸ್ತಾಗದೆ, ಮತ್ತೆ ಮತ್ತೆ ಅಲ್ಲಾಡಿಸಬಲ್ಲರು ಅಂತ ಹುಡುಕಿ. ಒಂದು ಹೆಬ್ಬೆರಳು ಸಾಕು. ತಲೆಯ ಒಂದು ಬದಿ, ಗಲ್ಲ, ಮೊಣಕಾಲು, ಉಸಿರು, ಕಣ್ಣುಗುಡ್ಡೆ ಆದರೂ ಸರಿ. ಅಲ್ಲಿಗೆ ಒಂದು ಸ್ವಿಚ್ ಜೋಡಿಸಿದರೆ ಕಂಪ್ಯೂಟರ್ ನಡೆಸಬಹುದು, ಯಂತ್ರ ಚಾಲೂ ಮಾಡಬಹುದು, ಮಾತಿನ ಸಾಧನದಿಂದ ಮಾತಾಡಬಹುದು. ಈಗಿನ ಫೋನುಗಳಲ್ಲೇ ಸ್ವಿಚ್ ಮೂಲಕ ನಡೆಸುವ ಸೌಲಭ್ಯ ಇದೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ, ಹೇಳಿದ್ದನ್ನು ಬರೆಯುವ ವ್ಯವಸ್ಥೆ ಇದೆ. ದುಬಾರಿ ಸಾಧನಕ್ಕೆ ಕಾಯುವ ಮೊದಲು ಸೆಟ್ಟಿಂಗ್ಸ್ ತೆರೆದು ನೋಡಿ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಟೋಕಿಯೊದಲ್ಲಿ 2021ರಲ್ಲಿ ಕಾಯಂ ಆಗಿ ತೆರೆದ ಡಾನ್ ಕೆಫೆ ನೋಡಬೇಕು. ಅಲ್ಲಿ ಮೇಜಿನ ಬಳಿ ಬಂದು ಮಾತಾಡಿಸುವುದು, ಕಾಫಿ ತಂದುಕೊಡುವುದು ಒರಿಹಿಮೆ ಎಂಬ ರೋಬೋಗಳು. ಅವನ್ನು ನಡೆಸುವವರು ದೂರದ ತಮ್ಮ ಮನೆಗಳಲ್ಲಿ, ಎಷ್ಟೋ ಮಂದಿ ಹಾಸಿಗೆಯಲ್ಲೇ ಇರುವವರು. ನರಗಳು ಸೋತು ಸ್ನಾಯುಗಳ ಶಕ್ತಿ ಕುಂದುತ್ತಾ ಹೋಗುವ ಎಎಲ್‌ಎಸ್‌ನಂಥ ಕಾಯಿಲೆಯಿಂದ ಕೈ ಆಡದವರೂ ಕಣ್ಣಿನ ಚಲನೆಯಿಂದ ರೋಬೋ ನಡೆಸುತ್ತಾರೆ. ಸಂಬಳ ಪಡೆಯುತ್ತಾರೆ. ಎಲ್ಲರ ಕೈಗೂ ರೋಬೋ ಸಿಗುವುದಿಲ್ಲ, ನಿಜ. ಆದರೆ ಫೋನ್‌ನಲ್ಲಿ ಗ್ರಾಹಕರಿಗೆ ಉತ್ತರ ಕೊಡುವುದು, ಫೋಟೊಗಳಿಗೆ ವಿವರ ಸೇರಿಸುವುದು, ಕ್ಯಾಮೆರಾ ಮೂಲಕ ಗೇಟ್ ನೋಡಿಕೊಳ್ಳುವುದು ಇದೇ ಜಾತಿಯ ಕೆಲಸಗಳು.

ಓಡಾಟ ಮತ್ತು ಶೌಚಾಲಯ, ಇವೆರಡು ತೀರ್ಮಾನವಾಗದೆ ಮುಂದೆ ಹೋಗಬೇಡಿ. ಒಳ್ಳೆಯ ಕೆಲಸಗಳು ಕೈತಪ್ಪಲು ಎಷ್ಟೋ ಸಲ ಇವೇ ಕಾರಣ. ದಿನಾ ಯಾರು ಕರೆದೊಯ್ಯುತ್ತಾರೆ, ಅವರು ಬಾರದ ದಿನ ಯಾರು, ಶೌಚಕ್ಕೆ ಸಹಾಯ ಮಾಡುವವರು ಯಾರು, ಅದು ಆ ವ್ಯಕ್ತಿಗೆ ಒಪ್ಪಿಗೆಯಾ, ಎಲ್ಲ ಬರೆದಿಡಿ. ಮೈಮುಟ್ಟಿ ಮಾಡುವ ಸಹಾಯವನ್ನು ಸಹೋದ್ಯೋಗಿಗಳ ಒಳ್ಳೆಯತನಕ್ಕೆ ಬಿಡಬಾರದು. ಅದಕ್ಕೆ ಗೊತ್ತುಮಾಡಿದ ಸಹಾಯಕರೇ ಬೇಕು.

ಸಂಬಳ ಬಂದರೆ ಅಂಗವಿಕಲರ ಭತ್ಯೆ ನಿಲ್ಲುತ್ತದಾ ಅನ್ನುವುದನ್ನೂ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ದೇಶ ದೇಶಕ್ಕೆ ನಿಯಮ ಬೇರೆ. ಈ ಉತ್ತರ ಕೈಯಲ್ಲಿ ಇಲ್ಲದೆ ಮನೆಯವರು ಒಪ್ಪುವುದು ಕಷ್ಟ, ಒಪ್ಪಿ ಅಂತ ಒತ್ತಾಯಿಸುವುದೂ ಸರಿಯಲ್ಲ.

ಹಂತ 4: ಖಾಲಿ ಹುದ್ದೆ ಹುಡುಕಬೇಡಿ, ಬಾಕಿ ಬಿದ್ದ ಕೆಲಸ ಹುಡುಕಿ

ಜಾಹೀರಾತಿನಲ್ಲಿ ಬರುವ ಹುದ್ದೆ ಹತ್ತು ಕೆಲಸಗಳ ಕಟ್ಟು. ಅದರಲ್ಲಿ ಏಳು ನಿಮ್ಮ ವ್ಯಕ್ತಿಗೆ ಆಗದೇ ಇರಬಹುದು. ಆಗ ಅರ್ಜಿ ಹಾಕಿದರೂ ತಿರಸ್ಕಾರವೇ. ಆದರೆ ಪ್ರತಿ ಕೆಲಸದ ಜಾಗದಲ್ಲೂ ಯಾರಿಗೂ ಪುರುಸೊತ್ತಿಲ್ಲದೆ ಬಾಕಿ ಬೀಳುವ ಕೆಲಸಗಳು ಇರುತ್ತವೆ. ಪರಿಣತರು ತಮ್ಮ ಕೆಲಸ ಬಿಟ್ಟು ಮಾಡುವ ಸಣ್ಣಪುಟ್ಟ ಕೆಲಸಗಳೂ ಇರುತ್ತವೆ. ಅವನ್ನು ಬಿಡಿಸಿ, ಸೇರಿಸಿ, ಹೊಸದೊಂದು ಹುದ್ದೆ ಮಾಡಬಹುದು.

1996ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಎರಿನ್ ರೀಲಿ ಅಲ್ಲಿನ ತುರ್ತು ವಿಭಾಗದ ನರ್ಸಿಂಗ್ ಮುಖ್ಯಸ್ಥೆ. ಚಿಕಿತ್ಸಾ ಸಾಮಗ್ರಿ ತುಂಬಿಸಿ ಜೋಡಿಸುವ ಕೆಲಸಕ್ಕೆ ಸೇರಿದವರು ನಿಲ್ಲುತ್ತಿರಲಿಲ್ಲ. ಬೆಳವಣಿಗೆಯ ವೈಕಲ್ಯ ಇರುವ ಯುವಜನರಿಗೆ ತರಬೇತಿ ಕೊಟ್ಟು ಆ ಕೆಲಸ ಯಾಕೆ ಕೊಡಬಾರದು ಅಂತ ಅವರು ಯೋಚಿಸಿದರು. ಅಲ್ಲಿಂದ ಪ್ರಾಜೆಕ್ಟ್ ಸರ್ಚ್ ಹುಟ್ಟಿತು, ಈಗ ಹಲವು ದೇಶಗಳಲ್ಲಿದೆ. ಅದು ಶುರುವಾಗಿದ್ದು ಆಸ್ಪತ್ರೆಯ ತೊಂದರೆಯೊಂದಕ್ಕೆ ಉತ್ತರವಾಗಿ ಅನ್ನುವುದನ್ನು ಗಮನಿಸಿ. ಅದಕ್ಕೇ ಅದು ಉಳಿದಿದೆ.

ಮಾಡುವ ರೀತಿ ಹೀಗೆ. ಬಳಗದ ಪ್ರತಿಯೊಬ್ಬರೂ ತಮಗೆ ಗೊತ್ತಿರುವ, ಕೆಲಸದ ಜಾಗ ನಡೆಸುವ ಹತ್ತು ಜನರ ಹೆಸರು ಬರೆಯಲಿ. ಅದರಲ್ಲಿ ನಿಮ್ಮ ವ್ಯಕ್ತಿಯ ಆಸಕ್ತಿಗೆ ಹತ್ತಿರ ಇರುವವರನ್ನು ಮೊದಲು ಭೇಟಿ ಮಾಡಿ. ಇಪ್ಪತ್ತು ನಿಮಿಷ ಸಾಕು. ಅವತ್ತೇ ಕೆಲಸ ಕೇಳಬೇಡಿ. "ನಿಮ್ಮಲ್ಲಿ ಕೆಲಸ ಹೇಗೆ ನಡೆಯುತ್ತೆ, ನೋಡಬಹುದಾ?" ಎಂದು ಕೇಳಿ. ತಮ್ಮ ಕೆಲಸದ ಬಗ್ಗೆ ಹೇಳಲು ಇಷ್ಟಪಡದವರು ಕಡಿಮೆ. ಸುತ್ತಾಡುವಾಗ ಕಣ್ಣು ತೆರೆದಿರಲಿ: ಮೂಲೆಯಲ್ಲಿ ರಾಶಿ ಬಿದ್ದ ಫೈಲು, ಲೇಬಲ್ ಇಲ್ಲದ ಪೆಟ್ಟಿಗೆ, ಅಕೌಂಟೆಂಟ್ ತಾನೇ ನಿಂತು ಮಾಡುವ ಜೆರಾಕ್ಸ್. "ದಿನದ ಕೊನೆಗೆ ಏನು ಉಳಿದುಬಿಡುತ್ತೆ?" ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಎರಡನೇ ಭೇಟಿಗೆ ಒಂದು ಪುಟದ ಪ್ರಸ್ತಾಪ ಒಯ್ಯಿರಿ. ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಇದರಿಂದ ಯಾರ ಎಷ್ಟು ಹೊತ್ತು ಉಳಿಯುತ್ತದೆ, ಕಲಿಸುವವರು ಯಾರು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಕೊನೆಯ ಸಾಲು ಮಾಲೀಕರಿಗೆ ತುಂಬಾ ಧೈರ್ಯ ಕೊಡುತ್ತದೆ. "ಪಾಪ, ಒಂದು ಅವಕಾಶ ಕೊಡಿ" ಅನ್ನುವ ಮಾತು ಎಲ್ಲೂ ಬರಬಾರದು. ಕರುಣೆಯಿಂದ ಕೊಟ್ಟ ಕೆಲಸ, ಕರುಣೆ ಮುಗಿದ ದಿನ ಮುಗಿಯುತ್ತದೆ. ವೈಕಲ್ಯದ ಬಗ್ಗೆ ಎಷ್ಟು ಹೇಳಬೇಕು ಅನ್ನುವುದು ಆ ವ್ಯಕ್ತಿಯ ನಿರ್ಧಾರ. ಕಾಯಿಲೆಯ ಹೆಸರು ಮಾಲೀಕರಿಗೆ ಬೇಕಾಗುವುದು ಅಪರೂಪ. "ಮಾತಿನಲ್ಲಿ ಹೇಳಿದರೆ ನೆನಪಿರಲ್ಲ, ಫೋಟೊ ತೋರಿಸಿದರೆ ಮರೆಯಲ್ಲ" ಅನ್ನುವುದು ಸಾಕು.

ಸಂಬಳದ ವಿಷಯದಲ್ಲಿ ಮೆತ್ತಗಾಗಬೇಡಿ. ಅದೇ ಕೆಲಸಕ್ಕೆ ಬೇರೆಯವರಿಗೆ ಗಂಟೆಗೆ ಎಷ್ಟೋ ಇವರಿಗೂ ಅಷ್ಟೇ. ಸುಮ್ನೆ ಬಂದು ಹೋಗಲಿ, ಸಂಬಳ ಆಮೇಲೆ ನೋಡೋಣ ಅನ್ನುವವರಿಗೆ, ಕೆಲವು ದಿನದ ಪ್ರಯೋಗಕ್ಕೆ ತಾರೀಖು ಹಾಕಿ ಬರೆದುಕೊಡಿ ಎಂದು ಕೇಳಿ. ತಾರೀಖಿಲ್ಲದ ಪ್ರಯೋಗ ಬಿಟ್ಟಿ ದುಡಿಮೆಯಾಗಿಬಿಡುತ್ತದೆ. ವಾರಕ್ಕೆ ಆರೇ ಗಂಟೆಯ ಕೆಲಸ ಆದರೂ ಪರವಾಗಿಲ್ಲ. ದೇಹಕ್ಕೆ ಅಷ್ಟೇ ಆಗುವುದಾದರೆ ಅದೇ ಪೂರ್ಣ ಕೆಲಸ.

ಹಂತ 5: ಕೆಲಸವನ್ನು ಬಿಡಿಸಿ, ಜಾಗವನ್ನು ಬದಲಿಸಿ

ಜಪಾನಿನ ಕವಾಸಾಕಿಯಲ್ಲಿ ನಿಹೋನ್ ರಿಕಾಗಾಕು ಎಂಬ ಸೀಮೆಸುಣ್ಣದ ಕಾರ್ಖಾನೆ ಇದೆ. 1960ರಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದ ಇಬ್ಬರು ಹುಡುಗಿಯರನ್ನು ಸೇರಿಸಿಕೊಂಡಿತು. ಈಗ ಅಲ್ಲಿನ ಕೆಲಸಗಾರರಲ್ಲಿ ಬಹುಪಾಲು ಅಂಥವರೇ. ಅಲ್ಲಿ ಕಚ್ಚಾ ಸಾಮಗ್ರಿ ತೂಗುವ ಕೆಲಸ ಇತ್ತು. ಅಂಕಿ ಓದಲು ಬಾರದವರು ತೂಗುವುದು ಹೇಗೆ? ಅವರು ಅಂಕಿ ಕಲಿಸುತ್ತಾ ಕೂರಲಿಲ್ಲ. ಕೆಂಪು ಡಬ್ಬಿಯ ಸಾಮಗ್ರಿಗೆ ಕೆಂಪು ತೂಕದ ಬಟ್ಟು, ನೀಲಿ ಡಬ್ಬಿಗೆ ನೀಲಿ ಬಟ್ಟು. ತಕ್ಕಡಿಯ ಒಂದು ಕಡೆ ಅದೇ ಬಣ್ಣದ ಬಟ್ಟು ಇಟ್ಟು, ಮುಳ್ಳು ಮಧ್ಯಕ್ಕೆ ಬರುವವರೆಗೆ ಸಾಮಗ್ರಿ ಹಾಕಿದರೆ ಆಯಿತು. ಗಡಿಯಾರ ನೋಡಲು ಬಾರದವರಿಗೆ ಮರಳು ಗಡಿಯಾರ ಇಟ್ಟರು. ಮರಳು ಪೂರ್ತಿ ಇಳಿದರೆ ಕಲಸುವ ಹೊತ್ತು ಮುಗಿಯಿತು ಅಂತ.

ನಿಮ್ಮ ವ್ಯಕ್ತಿಯ ಕೆಲಸವನ್ನೂ ಹೀಗೇ ನೋಡಿ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸ ಅಂದುಕೊಳ್ಳೋಣ. ಮೊದಲು ನೀವೇ ಕೂತು ಒಂದಷ್ಟು ಹೊತ್ತು ಮಾಡಿ, ಪ್ರತಿ ಚಲನೆಯನ್ನೂ ಬರೆಯಿರಿ. ಫೈಲು ತೆಗೆ. ಪಿನ್ ಇದೆಯಾ ನೋಡು. ಪಿನ್ ತೆಗೆ. ಪಿನ್ನನ್ನು ಡಬ್ಬಿಗೆ ಹಾಕು. ಮಡಿಚಿದ ಮೂಲೆ ಬಿಡಿಸು. ಅಂಚುಗಳನ್ನು ಮೇಜಿಗೆ ತಟ್ಟಿ ಸಮ ಮಾಡು. ಅಕ್ಷರ ಕೆಳಗೆ ಬರುವಂತೆ ತಿರುಗಿಸು. ಟ್ರೇಗೆ ಇಡು. ಹಸಿರು ಗುಂಡಿ ಒತ್ತು. ಹಾಳೆ ಹೊರಬರುವವರೆಗೆ ಕಾಯಿ. ಬಲಗಡೆ ಪೆಟ್ಟಿಗೆಗೆ ಹಾಕು.

ಈಗ ಒಂದೊಂದೇ ಸಾಲಿನಲ್ಲಿ ಎಡವುವುದು ಎಲ್ಲಿ ಅಂತ ಹುಡುಕಿ. ಒಂದೇ ಕೈ ಆಡುವವರು ಪಿನ್ ತೆಗೆಯಲಾರರು ಅಂದರೆ, ಪಿನ್ ತೆಗೆಯುವ ಉಪಕರಣವನ್ನು ಮೇಜಿಗೆ ಗಟ್ಟಿಯಾಗಿ ಕೂರಿಸಿ, ಹಾಳೆಯನ್ನು ಅದರ ಬಾಯಿಗೆ ಒಯ್ಯುವ ಹಾಗೆ ಮಾಡಬಹುದು. ಅಂಚು ಸಮ ಮಾಡಲು ಎಲ್ ಆಕಾರದ ಮರದ ಚೌಕಟ್ಟು ಸಾಕು, ಮೂಲೆಗೆ ತಳ್ಳಿದರೆ ತಾನೇ ಸರಿಯಾಗುತ್ತದೆ. ಯಾವ ಗುಂಡಿ ಅಂತ ಗೊಂದಲವಾದರೆ ಉಳಿದ ಗುಂಡಿಗಳ ಮೇಲೆ ರಟ್ಟು ಅಂಟಿಸಿ. ಯಾವ ಸಾಲು ಏನು ಮಾಡಿದರೂ ಆಗದೋ, ಅದನ್ನು ಸಹೋದ್ಯೋಗಿಯ ಒಂದು ಕೆಲಸದೊಂದಿಗೆ ಅದಲುಬದಲು ಮಾಡಿಕೊಳ್ಳಿ.

ಕಲಿಸುವಾಗ ಮಾತು ಕಡಿಮೆ ಇರಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್, ಯಾವ ಕೆಲಸಕ್ಕೂ ಆಗುವುದಿಲ್ಲ ಅಂತ ಬದಿಗಿಟ್ಟಿದ್ದ ಜನರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸುವುದನ್ನು ಕಲಿಸಿ ತೋರಿಸಿದರು. ಹತ್ತಾರು ತುಣುಕುಗಳ, ಸಾಕಷ್ಟು ತೊಡಕಿನ ಕೆಲಸ ಅದು. ತುಣುಕಿನ ಯಾವ ಮುಖ ಕಲಿಯುವವರ ಕಡೆ ಬರಬೇಕೋ ಅದಕ್ಕೆ ಬಣ್ಣ ಹಚ್ಚಿದ್ದರು. ಒಬ್ಬರು ಕಲಿಯಲಿಲ್ಲ ಅಂದರೆ ಕಲಿಸುವ ರೀತಿ ಬದಲಿಸಬೇಕು ಅನ್ನುವುದು ಅವರ ಪಟ್ಟು.

ತಪ್ಪಾಗುವ ಮೊದಲೇ ಕೈ ತೋರಿಸಿ ಸರಿಪಡಿಸಿ, ತಪ್ಪು ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಬರಬರುತ್ತಾ ಸಹಾಯ ಕಡಿಮೆ ಮಾಡಿ: ಮೊದಲು ಕೈ ಹಿಡಿದು, ಆಮೇಲೆ ಮೊಣಕೈ ಮುಟ್ಟಿ, ಆಮೇಲೆ ಬೆರಳು ತೋರಿಸಿ, ಕೊನೆಗೆ ಸುಮ್ಮನೆ ಪಕ್ಕದಲ್ಲಿ ನಿಂತು. ಕೈ ಹಿಡಿಯುವ ಮೊದಲು ಕೇಳಿ, ಬೇಡ ಅಂದರೆ ಬೇಡ. ದಿನಾ ಒಂದು ಹಾಳೆಯಲ್ಲಿ ಪ್ರತಿ ಸಾಲಿನ ಮುಂದೆ ಎಷ್ಟು ಸಹಾಯ ಬೇಕಾಯಿತು ಅಂತ ಗುರುತು ಹಾಕಿ. ಎರಡು ವಾರ ಕಳೆದರೂ ಒಂದೇ ಸಾಲಿನಲ್ಲಿ ನಿಂತಿದ್ದರೆ ಜಾಗ ಬದಲಿಸಬೇಕು, ಇಲ್ಲವೇ ಸಾಲನ್ನು ಇನ್ನೂ ಚಿಕ್ಕದಾಗಿ ಒಡೆಯಬೇಕು.

ಹಂತ 6: ಜಾಬ್ ಕೋಚ್ ನಿಧಾನವಾಗಿ ಹಿಂದೆ ಸರಿಯಲಿ

ಬಳಗದ ಒಬ್ಬರು ಅಥವಾ ಸಂಸ್ಥೆಯೊಂದರ ಜಾಬ್ ಕೋಚ್ (ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವವರು) ಶುರುವಿನಲ್ಲಿ ದಿನವಿಡೀ ಜೊತೆಗೆ ಇರಬೇಕಾಗಬಹುದು. ಅಪಾಯ ಏನೆಂದರೆ ಎಲ್ಲರೂ ಕೋಚ್ ಜೊತೆಗೇ ಮಾತಾಡಲು ಶುರು ಮಾಡುತ್ತಾರೆ. "ಅವರಿಗೆ ಇದು ಕೊಡಿ ಅಂತ ಹೇಳಿ" ಅಂತಾರೆ. ಆಗ ಕೋಚ್ ಸುಮ್ಮನಿದ್ದು, ಆ ವ್ಯಕ್ತಿಯ ಕಡೆ ತಿರುಗಬೇಕು. ಮಾತು ನೇರವಾಗಿ ಅವರಿಗೇ ಹೋಗಬೇಕು.

ಮೊದಲ ವಾರದಲ್ಲೇ ಸಹಜವಾಗಿ ಹತ್ತಿರ ಬರುವ ಒಬ್ಬ ಸಹೋದ್ಯೋಗಿಯನ್ನು ಗುರುತಿಸಿ. ಪ್ರತಿ ಕಡೆಯೂ ಅಂಥ ಒಬ್ಬರು ಇರುತ್ತಾರೆ. ಮಾತಿನ ಸಾಧನ ಹೇಗೆ ಬಳಸುವುದು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಅವರಿಗೆ ಮತ್ತು ಇನ್ನೊಬ್ಬರಿಗೆ ಹೇಳಿಕೊಡಿ, ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರಲಿ. ಎಲ್ಲರ ಜೊತೆ ಊಟಕ್ಕೆ ಕೂರುವ ವ್ಯವಸ್ಥೆ ಇದೆಯಾ ನೋಡಿ. ಊಟದ ಹೊತ್ತಿಗೆ ಒಬ್ಬರೇ ಮೂಲೆಯಲ್ಲಿ ಕೂರುವಂತಾದರೆ ಆ ಕೆಲಸ ಬಹಳ ದಿನ ಉಳಿಯುವುದಿಲ್ಲ.

ಶೋಷಣೆಯ ಬಗ್ಗೆ ಸಂಕೋಚವಿಲ್ಲದೆ ಮಾತಾಡಿಕೊಳ್ಳಿ. ಮಾತು ಬಾರದವರು ದೂರು ಹೇಳಲಾರರು ಅನ್ನುವ ಧೈರ್ಯ ಕೆಲವರಿಗೆ ಇರುತ್ತದೆ. "ನನಗೆ ಇಷ್ಟವಿಲ್ಲ", "ಮುಟ್ಟಬೇಡ", "ಮನೆಗೆ ಫೋನ್ ಮಾಡು" ಅನ್ನುವ ಚಿತ್ರಗಳು ಅವರ ಕಾರ್ಡುಗಳಲ್ಲಿ ಇರಲೇಬೇಕು. ಹೇಳದೆ ಕೇಳದೆ ಹೋಗಿ ನೋಡಿಕೊಂಡು ಬರುವ ಅಭ್ಯಾಸ ಬಳಗಕ್ಕೆ ಇರಲಿ. ಇದ್ದಕ್ಕಿದ್ದಂತೆ ಹೋಗಲು ಒಲ್ಲೆ ಅಂದರೆ ಸೋಮಾರಿತನ ಅಂದುಕೊಳ್ಳಬೇಡಿ, ಕಾರಣ ಹುಡುಕಿ.

ಹಂತ 7: ವರ್ಷಗಳ ಲೆಕ್ಕ

ಕೆಲಸ ಸಿಕ್ಕ ದಿನ ಫೋಟೊ ತೆಗೆದು ಬಳಗ ಕರಗಿಹೋಗುವುದು ಬಹಳ ಕಡೆ ಆಗುತ್ತದೆ. ಬೆಂಬಲ ಕಡಿಮೆಯಾಗಬಹುದು, ನಿಲ್ಲಬಾರದು. ತಿಂಗಳಿಗೊಮ್ಮೆ ಭೇಟಿ, ವಾರಕ್ಕೊಂದು ಫೋನ್ ಸಾಕಾಗಬಹುದು. ಮ್ಯಾನೇಜರ್ ಬದಲಾದಾಗ, ಆಫೀಸು ಜಾಗ ಬದಲಿಸಿದಾಗ, ಹೊಸ ಯಂತ್ರ ಬಂದಾಗ ಮಾತ್ರ ಮತ್ತೆ ಜಾಸ್ತಿ ಬೇಕು. ಇವುಗಳಲ್ಲಿ ಮ್ಯಾನೇಜರ್ ಬದಲಾವಣೆಯೇ ಹೆಚ್ಚು ಅಪಾಯದ್ದು. ಹಳಬರು ಬಾಯಲ್ಲಿ ಒಪ್ಪಿಕೊಂಡಿದ್ದು ಹೊಸಬರಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಹುದ್ದೆಯ ವಿವರ, ಹೊಂದಾಣಿಕೆಗಳು ಎಲ್ಲವೂ ಕಾಗದದ ಮೇಲೆ ಇರಬೇಕು.

ಕೆಲಸ ಹೋಗಲೂಬಹುದು. ಮೊದಲ ಕೆಲಸ ಬಿಟ್ಟು ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುವುದು ಎಲ್ಲರ ಬದುಕಿನಲ್ಲೂ ಇದೆ. ಹಂತ 2ರ ಆ ಒಂದು ಪುಟಕ್ಕೆ ಹೊಸದಾಗಿ ತಿಳಿದ ನಾಲ್ಕು ಸಾಲು ಸೇರಿಸಿ, ಮತ್ತೆ ಪರಿಚಯದ ಪಟ್ಟಿ ತೆರೆಯಿರಿ. ಬಡ್ತಿಯ ಮಾತನ್ನೂ ಕೇಳಿ, ಹತ್ತು ವರ್ಷ ಒಂದೇ ಮೇಜು ಅಂದರೆ ಯಾರಿಗಾದರೂ ಬೇಸರ ಬರುತ್ತದೆ.

ಸ್ವಂತ ಉದ್ಯಮ, ಸಹಕಾರಿ, ವರ್ಕ್‌ಶಾಪ್

ಯಾವ ಸಂಸ್ಥೆಯ ಸಮಯಕ್ಕೂ ದೇಹ ಹೊಂದದವರಿಗೆ ಸಣ್ಣ ಸ್ವಂತ ಉದ್ಯಮ ಒಳ್ಳೆಯ ದಾರಿ. ಲೆಕ್ಕಪತ್ರ, ಮಾರಾಟ ಬಳಗದವರು ನೋಡಿಕೊಂಡರೂ, ಹಣ ಅವರ ಹೆಸರಿನ ಖಾತೆಗೆ ಹೋಗಬೇಕು, ಅದನ್ನು ಖರ್ಚು ಮಾಡುವ ಮಾತು ಅವರದ್ದೇ ಆಗಬೇಕು. ಸಹಕಾರಿ ಸಂಘವೂ ಮಾಡಬಹುದು. ಇಟಲಿಯ 1991ರ 381ನೇ ಕಾನೂನಿನ ಪ್ರಕಾರ ಒಂದು ಬಗೆಯ ಸಾಮಾಜಿಕ ಸಹಕಾರಿಗಳ ಕೆಲಸಗಾರರಲ್ಲಿ ಕನಿಷ್ಠ 30% ಅಂಗವಿಕಲರು ಅಥವಾ ಬೇರೆ ಕಾರಣಕ್ಕೆ ಹಿಂದುಳಿದವರು ಇರಬೇಕು. ಉಳಿದವರ ಜೊತೆ ಬೆರೆತು ಮಾಡುವ ಕೆಲಸ ಅದು.

ಅಂಗವಿಕಲರನ್ನಷ್ಟೇ ಒಂದು ಕಟ್ಟಡದಲ್ಲಿ ಸೇರಿಸಿ, ಹೆಸರಿಗೆ ಒಂದಿಷ್ಟು ದುಡ್ಡು ಕೊಡುವ ವರ್ಕ್‌ಶಾಪ್ ಬೇರೆಯೇ ವಿಷಯ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2022ರ ತನ್ನ 8ನೇ ಸಾಮಾನ್ಯ ಟಿಪ್ಪಣಿಯಲ್ಲಿ, ಇಂಥ ಪ್ರತ್ಯೇಕ ಜಾಗಗಳನ್ನು ಉದ್ಯೋಗದ ಹಕ್ಕಿನ ಕಡೆಗಿನ ಹೆಜ್ಜೆ ಎಂದು ಲೆಕ್ಕ ಹಿಡಿಯಲಾಗದು ಎಂದಿದೆ. ನಿಮ್ಮ ಸುತ್ತ ಅಂಥದ್ದು ಇದ್ದರೆ ನಾಳೆಯೇ ಮುಚ್ಚಿಸಿ ಅನ್ನುವುದಿಲ್ಲ. ಹೋಗಲು ಬೇರೆ ಜಾಗ ಇಲ್ಲದೆ ಮುಚ್ಚಿದರೆ ಅವರು ಮನೆಯ ಗೋಡೆ ನೋಡುತ್ತಾ ಕೂರಬೇಕಾಗುತ್ತದೆ. ಅಲ್ಲಿಂದ ಒಬ್ಬರನ್ನು ಕೇಳಿ, ಅವರಿಗೆ ಒಪ್ಪಿಗೆಯಾದರೆ ಹಂತ 1ರಿಂದ ಶುರು ಮಾಡಿ. ಅಲ್ಲಿನ ಸಿಬ್ಬಂದಿಗೆ ಅವರ ಒಳಹೊರಗು ಚೆನ್ನಾಗಿ ಗೊತ್ತಿರುತ್ತದೆ, ಬಳಗಕ್ಕೆ ಅವರನ್ನೂ ಕರೆಯಿರಿ.

ಎರಡನೇ ವ್ಯಕ್ತಿಗೆ ಕೆಲಸ ಹುಡುಕಲು ಹೊರಡುವಾಗ ನಿಮ್ಮ ಜೊತೆ ಮೊದಲ ಮಾಲೀಕರು ಬಂದರೆ ಅರ್ಧ ಕೆಲಸ ಆದಂತೆ. ಇನ್ನೊಬ್ಬ ಮಾಲೀಕರ ಅನುಮಾನಗಳಿಗೆ ನಿಮ್ಮ ಉತ್ತರಕ್ಕಿಂತ ಅವರ ಉತ್ತರಕ್ಕೆ ತೂಕ ಜಾಸ್ತಿ. ಮೊದಲು ಕೆಲಸಕ್ಕೆ ಸೇರಿದವರಿಗೆ ಇಷ್ಟವಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಆ ದಿನದ ಸಂಬಳ ಕಡಿತವಾಗದಂತೆ ಮೊದಲೇ ಮಾತಾಡಿಕೊಂಡಿರಿ.